ಮಾನಿಟರಿಗೆ ಬಂದ ಹಳದಿ

ಅಂದು ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ನಾನು ಘೋಷಿಸಿದೆ: "ಕೇಳು! ಸತ್ಯವಾದ ಬಣ್ಣ ತೋರಿಸೋ ಮಾನಿಟರ್ ಅಂತ ಈ ಭೂಮಂಡಲದಲ್ಲಿ ಒಂದೇ ಒಂದಿದ್ದರೂ ಅದು ಈ ಮನೆಗೇ ಬರುತ್ತೆ! ಹುಡುಕಿ ತರದಿದ್ದರೆ ನಾನು ಡಿಸೈನರೇ ಅಲ್ಲ!"

ನನ್ನ ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುವವಳು. ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆ ಎತ್ತಲಿಲ್ಲ. "ಕಾಫಿ ಚೆಲ್ತು, ಒರೆಸಿ" ಅಂದಳು.

ಘೋಷಣೆಗೆ ಕಾರಣವಿತ್ತು. ಬಾಟಲಿ, ಡಬ್ಬಿ, ಪೊಟ್ಟಣಗಳ ಲೇಬಲ್ ವಿನ್ಯಾಸ ಮಾಡುವುದು ನನ್ನ ಕಸುಬು. ಮನೆಯ ಹಿಂದಿನ ಕೋಣೆಯೇ ನನ್ನ ಆಫೀಸು. ಹಸಿವಿಲ್ಲದಿದ್ದರೂ ನೀವು ಅಂಗಡಿಯಲ್ಲಿ ಯಾವುದೋ ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಚಾಚಿದ್ದರೆ, ಆ ಪಾಪದಲ್ಲಿ ನನಗೂ ಪಾಲಿರಬಹುದು. ಇಂಥ ಕಲಾವಿದನ ಮನೆಗೆ ಹಿಂದಿನ ದಿನ ಸಾಸ್ ಸಾಹುಕಾರರು ಬಂದಿದ್ದರು. ಊರಿಗೆಲ್ಲ ಟೊಮೆಟೊ ಸಾಸ್ ಹಂಚುವ ಕಂಪನಿಯ ಯಜಮಾನರು. ಬರುವಾಗಲೇ ಅವರ ಮುಖ ಸಾಸಿನ ಬಣ್ಣಕ್ಕೆ ತಿರುಗಿತ್ತು. ಆಗತಾನೇ ಅಚ್ಚಾಗಿ ಬಂದ ಲೇಬಲ್ಲನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಏನ್ರೀ ಇದು?"

"ಟೊಮೆಟೊ."

"ಇದು ಟೊಮೆಟೊನಾ? ನಮ್ಮ ಮನೆಯವಳು ಬದನೆಕಾಯಿ ಸಾಸ್ ಯಾವಾಗ ಶುರು ಮಾಡಿದ್ರಿ ಅಂತ ಕೇಳಿದಳು! ಪ್ರೆಸ್‌ನೋರು ನೀವು ಕಳಿಸಿದ ಬಣ್ಣಾನೇ ಹಾಕಿದೀವಿ ಅಂತಾರೆ. ಇನ್ನೊಂದು ಸಲ ನೋಡ್ತೀನಿ. ಆಮೇಲೆ ನಾನು ಬೇರೆಯವರನ್ನ ನೋಡ್ಕೋತೀನಿ."

ಸಾಸ್ ಸಾಹುಕಾರರು ಹೋದರೆ ಅವರ ಹಿಂದೆಯೇ ಜಾಮ್, ಜೆಲ್ಲಿ, ಹಣ್ಣಿನ ರಸ ಎಲ್ಲವೂ ಮೆರವಣಿಗೆ ಹೊರಡುತ್ತವೆ. ಅವರ ಮನೆತನವೇ ಬಾಟಲಿಗಳ ಮನೆತನ! ನಾನು ತನಿಖೆಗೆ ಕುಳಿತೆ. ಪರದೆಯ ಮೇಲೆ ನನ್ನ ಟೊಮೆಟೊ ಕೆಂಪಗೇ ಇತ್ತು. ಆದರೆ ಲೇಬಲ್ಲಿನ ಬಿಳಿ ಜಾಗ ಮಾತ್ರ ಹಳೆಯ ಹಲ್ಲಿನ ಹಾಗೆ ಹಳದಿ ಹೊಡೆಯುತ್ತಿತ್ತು. ಆ ಹಳದಿಯನ್ನು ಹೊಡೆದೋಡಿಸಲೆಂದೇ ನಾನು ತಿಂಗಳುಗಟ್ಟಲೆ ಪ್ರತಿ ಚಿತ್ರಕ್ಕೂ ಚೂರು ನೀಲಿ ಬೆರೆಸುತ್ತ ಬಂದಿದ್ದೆ. ಅಪರಾಧಿ ಸಿಕ್ಕಿಬಿದ್ದ! ಮಾನಿಟರಿಗೆ ವಯಸ್ಸಾಗಿದೆ! ಅದು ನನಗೆ ಸುಳ್ಳು ಬಣ್ಣ ತೋರಿಸಿ ನನ್ನ ಬಣ್ಣಗೆಡಿಸಿದೆ!

ಅಲ್ಲಿಂದ ನನ್ನ ಅಧ್ಯಯನ ಶುರುವಾಯಿತು. ಕುತೂಹಲ ಎಂಬುದು ನನಗೆ ನೆಗಡಿಯ ಹಾಗೆ. ಹತ್ತಿತೆಂದರೆ ಮನೆಯವರಿಗೆಲ್ಲ ಹರಡುತ್ತದೆ. ಪರದೆಯೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳ ಸಂತೆ, ಚುಕ್ಕಿ ಹೆಚ್ಚಿದಷ್ಟೂ ಚಿತ್ರ ಚೊಕ್ಕ, ಅದಕ್ಕೇ ರೆಸಲ್ಯೂಶನ್ ಎನ್ನುತ್ತಾರೆ ಎಂದು ಓದಿದೆ. ಕೆಲವು ಪರದೆಗಳು ಕೋಟಿಗಟ್ಟಲೆ ಬಣ್ಣ ತೋರಿಸುತ್ತವೆ ಎಂದು ಓದಿ ದಂಗಾದೆ. ನನಗೆ ಹೆಸರು ಗೊತ್ತಿದ್ದ ಬಣ್ಣಗಳು ಬೆರಳೆಣಿಕೆಯಷ್ಟು!

"ಬಿಳಿ ಅಂದ್ರೇನು ಗೊತ್ತಾ ನಿನಗೆ?" ಎಂದು ಊಟದ ಹೊತ್ತಿನಲ್ಲಿ ಕೇಳಿದೆ.

"ಅನ್ನದ ಬಣ್ಣ. ತಣ್ಣಗಾಗ್ತಿದೆ, ತಿನ್ನಿ."

"ಅಲ್ಲ! ಬಿಳಿಯಲ್ಲೇ ಬೆಚ್ಚನೆ ಬಿಳಿ, ತಣ್ಣನೆ ಬಿಳಿ ಅಂತ ಎಷ್ಟೋ ಬಗೆ ಇದೆ."

"ನಿಮ್ಮದು ತಣ್ಣನೆ ಬಿಳಿ ಆಗ್ತಿದೆ ಅಂತಲೇ ಹೇಳಿದ್ದು."

ಅಂಗಡಿಗೆ ಹೋದೆ. ಗೋಡೆ ತುಂಬ ಮಾನಿಟರುಗಳು. ಎಲ್ಲದರಲ್ಲೂ ಒಂದೇ ಗಿಳಿ ರೆಕ್ಕೆ ಬಡಿಯುತ್ತಿತ್ತು. ಕುತ್ತಿಗೆಗೆ ಬಿಗಿಯಾಗಿ ಟೈ ಕಟ್ಟಿಕೊಂಡ ಮಾರಾಟಗಾರನೊಬ್ಬ ನಗುತ್ತ ಬಂದ. ಅವನಿಗೆ ನಾನು ಮನಸ್ಸಿನಲ್ಲೇ ಟೈಯಪ್ಪ ಎಂದು ನಾಮಕರಣ ಮಾಡಿದೆ.

"ಯಾವ ಸೈಜ್ ಬೇಕು ಸಾರ್?"

"ಸೈಜ್ ಬೇಡ. ಸತ್ಯ ಬೇಕು!"

ಟೈಯಪ್ಪನ ನಗು ಅಲ್ಲೇ ನಿಂತಿತು. ನಾನು ಜೇಬಿನಿಂದ ಒಂದು ಬಿಳಿ ಕಾಗದ, ಒಂದು ಟೊಮೆಟೊ ತೆಗೆದೆ. ಗಿಳಿಯನ್ನು ಓಡಿಸಿ ಪರದೆಯಲ್ಲಿ ಬರೀ ಬಿಳಿ ಬರಿಸು ಎಂದೆ. ಮೊದಲನೆಯ ಮಾನಿಟರ್ ನೋಡಿದೆ. ಹಳದಿ! ಎರಡನೆಯದು? ಹಳದಿ! ಅಲ್ಲಿದ್ದವುಗಳಲ್ಲೇ ದೊಡ್ಡದೊಂದರ ಮುಂದೆ ನಿಂತು, ಕತ್ತು ಓರೆ ಮಾಡಿ, ಬಗ್ಗಿ, ಎದ್ದು, ಹಿಂದೆ ಸರಿದು ನೋಡಿದೆ. ಅದೂ ಹಳದಿ! ಕಾಗದವೂ ಹಳದಿಯಾಗಿಯೇ ಕಂಡಿತು. ಅಂಗಡಿಯ ದೀಪವೇ ಸರಿಯಿಲ್ಲ ಎಂದು ತೀರ್ಪು ಕೊಟ್ಟೆ.

"ಸಾರ್, ಇದು ಫೋಟೋದೋರು, ಸಿನಿಮಾದೋರು ತಗೊಂಡು ಹೋಗೋ ಮಾಲು" ಎಂದು ಟೈಯಪ್ಪ ಅಂಗಲಾಚಿದ. "ಇದಕ್ಕಿಂತ ಒಳ್ಳೇ ಬಣ್ಣ ಬೇಕಾದ್ರೆ ಕಿಟಕಿ ಆಚೆ ನೋಡಬೇಕು ಅಷ್ಟೆ."

ಕಿಟಕಿಯ ಆಚೆಯೂ ನೋಡಿದೆ. ಅಂದು ಬಿಸಿಲು ಕೂಡ ಸ್ವಲ್ಪ ಹಳದಿಯಾಗಿತ್ತು. ಇರಲಿ, ಅದನ್ನು ಬದಲಾಯಿಸುವ ಅಂಗಡಿ ಇಲ್ಲ ಎಂದು ದೊಡ್ಡ ಮಾನಿಟರನ್ನೇ ಮನೆಗೆ ತಂದೆ.

ಮನೆಯಲ್ಲಿ ಅದನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದಾಗ ಕೋಣೆಯೇ ಚಿಕ್ಕದಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣರಳಿಸಿದಳು. "ಅಬ್ಬಾ, ಎಷ್ಟು ಚೆನ್ನಾಗಿದೆ! ಬಿಳಿ ಹಾಲಿನ ಹಾಗಿದೆ!"

"ಹಾಲು? ಬೆಣ್ಣೆ ಅನ್ನು! ಹಳದಿ ಹೊಡೀತಿಲ್ವಾ?"

"ಎಲ್ಲಿ?"

"ನಿನಗೆ ಕೂಡಿಸೋದು ಕಳೆಯೋದು ಗೊತ್ತು. ಬಣ್ಣ ಬೇರೆ ವಿಷಯ ಕಣೇ."

ಅವಳು ನನ್ನನ್ನೊಮ್ಮೆ ನೋಡಿದಳು, ತಪ್ಪು ಉತ್ತರದ ಮೇಲೆ ಕೆಂಪು ಗೀಟು ಎಳೆಯುವ ಮುಂಚಿನ ನೋಟ. ತನ್ನ ಉತ್ತರಪತ್ರಿಕೆಗಳಿಗೆ ಮರಳಿದಳು.

ಮಾನಿಟರ್ ವಾಪಸಾಯಿತು. ಇನ್ನೊಂದು ಬಂತು. ಅದೂ ಹಳದಿ. ಮೂರನೆಯದನ್ನು ಟೈಯಪ್ಪ ಸ್ವತಃ ಹೊತ್ತು ತಂದ. ಜೊತೆಗೆ ಪರದೆಯ ಬಣ್ಣ ಅಳೆಯುವ ಯಂತ್ರವೊಂದನ್ನೂ ತಂದಿದ್ದ. ಇಲಿಯಂಥ ಪುಟ್ಟ ಯಂತ್ರ, ಹಿಂದೆ ಬಾಲದ ಹಾಗೆ ವೈರು. ಅದನ್ನು ಪರದೆಗೆ ಆನಿಸಿದ ತಕ್ಷಣ ಬಣ್ಣಗಳು ಒಂದರ ಹಿಂದೆ ಒಂದು ಬಂದು ಹಾಜರಿ ಹಾಕಿ ಹೋದವು. ಕೊನೆಗೆ ಯಂತ್ರ ತೀರ್ಪು ಕೊಟ್ಟಿತು: ಎಲ್ಲ ಬಣ್ಣಗಳೂ ಸರಿಯಾಗಿವೆ.

"ನೋಡಿದ್ರಾ ಸಾರ್!" ಎಂದ ಟೈಯಪ್ಪ.

"ನೋಡಿದೆ. ನಿಮ್ಮ ಯಂತ್ರ ಕೆಟ್ಟಿದೆ."

ಟೈಯಪ್ಪ ಟೈ ಸಡಿಲಿಸಿಕೊಂಡ. ಅವನ ಕಣ್ಣು ಬಾಗಿಲನ್ನು ಹುಡುಕುತ್ತಿತ್ತು. ಅಷ್ಟರಲ್ಲಿ ಅವನಿಗೆ ನನ್ನ ಕೋಣೆಯ ಗೋಡೆ ಕಂಡಿತು. ತಿಳಿ ಕೇಸರಿ ಬಣ್ಣದ ಗೋಡೆ. "ಸಾರ್, ಗೋಡೆ ಬಣ್ಣ ಪರದೆ ಮೇಲೆ ಬೀಳ್ತಾ ಇರಬಹುದು ಸಾರ್. ದೊಡ್ಡ ದೊಡ್ಡ ಸ್ಟುಡಿಯೋದಲ್ಲಿ ಗೋಡೆಗೆಲ್ಲ ಬೂದು ಬಣ್ಣ ಬಳಿದಿರ್ತಾರೆ" ಎಂದವನೇ ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಅದನ್ನು ಕೈಯಲ್ಲಿ ಹಿಡಿದು ಹೊರಟುಹೋದ.

ಗೋಡೆ! ನನಗೇಕೆ ಹೊಳೆಯಲಿಲ್ಲ? ಶತ್ರು ಎದುರಿಗೆ ಇಲ್ಲ, ಸುತ್ತಲೂ ಇದ್ದಾನೆ!

ಅಂದಿನಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ. ಕಿಟಕಿಗೆ ಕಪ್ಪು ಪರದೆ ಬಂತು. ಬಲ್ಬುಗಳು ಬದಲಾದವು. ಕೋಣೆಯಲ್ಲಿ ಬಣ್ಣದ ವಸ್ತು ಇಡುವಂತಿಲ್ಲ ಎಂದು ಆಜ್ಞೆ ಹೊರಡಿಸಿದೆ. ಹೆಂಡತಿ ತನ್ನ ಹಳದಿ ಸ್ವೆಟರ್ ಹಾಕಿಕೊಂಡು ಚಹಾ ತಂದರೆ ಬಾಗಿಲಲ್ಲೇ ತಡೆದೆ.

"ನಿಲ್ಲು! ನಿನ್ನ ಸ್ವೆಟರ್ ನನ್ನ ಬಿಳಿಯನ್ನ ಕೆಡಿಸುತ್ತೆ!"

"ಅಷ್ಟು ಬೇಗ ಕೆಡೋ ಬಿಳಿಯನ್ನ ಯಾಕ್ರೀ ಸಾಕಿದೀರಿ?" ಎಂದು ಚಹಾವನ್ನು ಹೊಸ್ತಿಲಲ್ಲಿ ಇಟ್ಟು ಹೋದಳು. ಹೋಗುವಾಗ ಮಾನಿಟರಿನ ಪಕ್ಕ ಮಾದರಿಗೆಂದು ನಾನು ಸಾಲಾಗಿ ಜೋಡಿಸಿಟ್ಟ ಟೊಮೆಟೊಗಳನ್ನೂ ಕಣ್ಣಲ್ಲೇ ಎಣಿಸಿದಳೆಂದು ಕಾಣುತ್ತದೆ. ಮಧ್ಯಾಹ್ನ ನೋಡಿದರೆ ಒಂದೂ ಇಲ್ಲ!

"ನನ್ನ ಮಾದರಿ ಎಲ್ಲಿ?"

"ಒಲೆ ಮೇಲೆ ಕುದೀತಿದೆ. ಬಣ್ಣ ಚೆನ್ನಾಗಿ ಬಂದಿದೆ, ಬಂದು ನೋಡಿ."

ಗೋಡೆಗೆ ಬಣ್ಣವನ್ನು ನಾನೇ ಬಳಿಯಲು ನಿಂತೆ. ಬೇರೆಯವರ ಕೈಗೆ ಕೊಟ್ಟರೆ ಶುದ್ಧ ಬೂದು ಬಂದೀತೆ? ಅಂಗಡಿಯವನು ಬೆರೆಸಿ ಕೊಟ್ಟ ಬೂದು ನನ್ನ ಕಣ್ಣಿಗೆ ಸ್ವಲ್ಪ ಮಣ್ಣುಮಣ್ಣಾಗಿ ಕಂಡಿತು. ಇನ್ನೂ ಒಂದಿಷ್ಟು ನೀಲಿ ಬೆರೆಸಿ ಎಂದೆ. ಅವನು ಬೆರೆಸಿದ. ಇನ್ನಷ್ಟು ಎಂದೆ. ಅವನು ನನ್ನ ಮುಖ ನೋಡಿ ಬೆರೆಸಿದ. ಎದುರಿನ ಗೋಡೆ ಮುಗಿಯುವ ಹೊತ್ತಿಗೆ ಹೆಂಡತಿ ಶಾಲೆಯಿಂದ ಬಂದಳು.

"ಬೂದು ಬಳೀತೀನಿ ಅಂದ್ರಿ?"

"ಕಾಣ್ತಿಲ್ವಾ? ಅಪ್ಪಟ ಬೂದು!"

"ಇದು ನೇರಳೆ ಕಣ್ರೀ. ಮಗುವಿನ ಕೋಣೆ ಇದ್ದ ಹಾಗಿದೆ. ಒಂದು ತೊಟ್ಟಿಲು ತೂಗಿಬಿಟ್ಟರೆ ಆಯ್ತು."

ಕಲಾವಿದರನ್ನು ಮನೆಯವರು ಅರ್ಥ ಮಾಡಿಕೊಳ್ಳುವುದಿಲ್ಲ ಎಂದು ಕೇಳಿದ್ದೆ. ಅದು ನನ್ನ ಮನೆಯಲ್ಲೂ ನಡೆಯುತ್ತಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ.

ಮರುದಿನ ಪಕ್ಕದ ಗೋಡೆಯ ಹಳೆಯ ಬಣ್ಣ ಕೆರೆಯುತ್ತಿದ್ದಾಗ ಒಂದು ಚೂರು ಹಾರಿ ಎಡಗಣ್ಣಿಗೆ ಬಿತ್ತು. ಕಣ್ಣು ತೊಳೆದೆ. ಚೂರು ಹೋಯಿತು, ಉರಿ ಉಳಿಯಿತು. ಕರವಸ್ತ್ರವನ್ನು ಎಡಗಣ್ಣಿಗೆ ಒತ್ತಿ ಹಿಡಿದು, ಗೋಡೆಯಿಂದೇನಾದರೂ ಉಪಯೋಗವಾಯಿತೇ ನೋಡೋಣವೆಂದು ಮಾನಿಟರ್ ಮುಂದೆ ಕುಳಿತೆ.

ಪರದೆ ಪೂರ್ತಿ ಹಳದಿ! ಅರಿಸಿನದ ನೀರು ಚೆಲ್ಲಿದ ಹಾಗೆ!

ಗಾಬರಿಯಲ್ಲಿ ಕರವಸ್ತ್ರ ಜಾರಿತು. ಹಳದಿ ಇಳಿಯಿತು. ಇದೇನು ವಿಚಿತ್ರ? ಈ ಸಲ ಬಲಗಣ್ಣು ಮುಚ್ಚಿದೆ. ಪರದೆ ಬಹುಮಟ್ಟಿಗೆ ಬೆಳ್ಳಗಾಯಿತು! ಎಡಗಣ್ಣು ಮುಚ್ಚಿದೆ, ಹಳದಿ. ಬಲಗಣ್ಣು ಮುಚ್ಚಿದೆ, ಬಿಳಿ. ಹಳದಿ, ಬಿಳಿ, ಹಳದಿ, ಬಿಳಿ! ಜಗತ್ತಿನ ಯಾವ ತಂತ್ರಜ್ಞನೂ ಕಂಡಿರದ ದೋಷವನ್ನು ನಾನು ಕಂಡುಹಿಡಿದಿದ್ದೆ! ಓಡಿಹೋಗಿ ಅಂಗಡಿಗೆ ಫೋನ್ ಮಾಡಿದೆ.

"ಕೇಳಿಸ್ಕೊಳ್ಳಿ! ನಿಮ್ಮ ಮಾನಿಟರು, ನಾನು ಎಡಗಣ್ಣು ಮುಚ್ಚಿದರೆ ಹಳದಿ ಆಗುತ್ತೆ! ಬಲಗಣ್ಣು ಮುಚ್ಚಿದರೆ ಬಿಳಿ ಆಗುತ್ತೆ!"

ಆ ಕಡೆಯಿಂದ ಟೈಯಪ್ಪ ಮೆಲ್ಲಗೆ ಕೇಳಿದ. "ಎರಡೂ ಕಣ್ಣು ಮುಚ್ಚಿದ್ರೆ ಸಾರ್?"

ಮುಚ್ಚಿ ನೋಡಿದೆ. "ಕಪ್ಪಾಗುತ್ತೆ."

"ಹಾಗಾದ್ರೆ ಅದು ವಾರಂಟಿಯಲ್ಲಿ ಬರೋದಿಲ್ಲ ಸಾರ್" ಎಂದು ಫೋನ್ ಇಟ್ಟ.

ಇಂಥ ಉದ್ಧಟತನವೇ! ಹಿಂದೆ ತಿರುಗಿದರೆ ಹೆಂಡತಿ ನಿಂತಿದ್ದಳು. ಶಾಲೆಯ ಚೀಲವಿನ್ನೂ ಹೆಗಲ ಮೇಲೇ ಇತ್ತು. ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಸೀಮೆಸುಣ್ಣದ ಕಡ್ಡಿ ತೆಗೆದಳು.

"ಎಡಗಣ್ಣು ಮುಚ್ಚಿ. ಇದು ಯಾವ ಬಣ್ಣ?"

"ಹಳದಿ."

"ಈಗ ಬಲಗಣ್ಣು ಮುಚ್ಚಿ. ಇದು?"

"ಬಿಳಿ. ನೀನು ಸೀಮೆಸುಣ್ಣ ಬದಲಾಯಿಸಿದೆ."

"ಸೀಮೆಸುಣ್ಣ ಒಂದೇ ರೀ" ಎಂದಳು ಅವಳು. "ನೀವು ಕಣ್ಣು ಬದಲಾಯಿಸಿದ್ದು."

ಬಣ್ಣವನ್ನೇ ನಂಬಿ ಬದುಕಿದವನ ಕಣ್ಣಿಗೆ ಬಣ್ಣ ಮೋಸ ಮಾಡಿದರೆ ಉಳಿಯುವುದೇನು? ಅಲ್ಲೇ ಇದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಅವಳು ನನ್ನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. "ಹಾಕ್ಕೊಳ್ಳಿ, ಹೋಗೋಣ. ಕಣ್ಣಿನ ಡಾಕ್ಟರು ಸಂಜೆವರೆಗೂ ಇರ್ತಾರೆ" ಎಂದಳು.

ದಾರಿಯುದ್ದಕ್ಕೂ ನಾನು ಒಂದೊಂದೇ ಕಣ್ಣು ಮುಚ್ಚಿ ಜಗತ್ತನ್ನು ನೋಡುತ್ತ ನಡೆದೆ. ಬಲಗಣ್ಣಿನ ಬೀದಿಯೇ ಬೇರೆ, ಎಡಗಣ್ಣಿನ ಬೀದಿಯೇ ಬೇರೆ! ಭಯದ ನಡುವೆಯೂ ನನಗೆ ಅದೊಂದು ಮೋಜು. ಎದುರಿಗೆ ಬಂದ ಹೆಂಗಸೊಬ್ಬರು ನಾನು ಕಣ್ಣು ಹೊಡೆಯುತ್ತಿದ್ದೇನೆಂದು ತಿಳಿದು ದುರುಗುಟ್ಟಿದರು. ಹೆಂಡತಿ ನನ್ನ ತೋಳು ಹಿಡಿದು, "ಕ್ಷಮಿಸಿ, ಇವರು ಮಾನಿಟರ್ ಪರೀಕ್ಷೆ ಮಾಡ್ತಿದಾರೆ" ಎಂದು ವಿವರಿಸಿದಳು. ಅವರು ಇನ್ನೂ ಬೇಗ ಬೇಗ ನಡೆದರು.

ಡಾಕ್ಟರಮ್ಮ ನನ್ನ ಗದ್ದವನ್ನು ಒಂದು ಯಂತ್ರದ ಮೇಲೆ ಇರಿಸಿ ಕಣ್ಣೊಳಗೆ ಬೆಳಕು ಬಿಟ್ಟರು.

"ಯಾವಾಗಿಂದ ಹೀಗೆ?"

"ಮಾನಿಟರ್ ಕೆಟ್ಟಾಗಿಂದ ಡಾಕ್ಟ್ರೇ."

"ಮಾನಿಟರ್ ಕೆಟ್ಟಿಲ್ಲ. ಎರಡು ಕಣ್ಣಲ್ಲೂ ಪೊರೆ ಬಂದಿದೆ. ಬಲಗಣ್ಣಲ್ಲಿ ಜಾಸ್ತಿ. ನಿಧಾನಕ್ಕೆ ಬರೋದ್ರಿಂದ ಗೊತ್ತಾಗಿಲ್ಲ. ಹಳದಿ ಗಾಜಿನ ಹಿಂದೆ ಕೂತು ಜಗತ್ತು ನೋಡಿದ ಹಾಗೆ. ಹೆದರಬೇಡಿ, ಪೊರೆ ತೆಗೆದು ಬೇರೆ ಲೆನ್ಸ್ ಹಾಕ್ತೀವಿ."

ಹೆದರಬೇಡಿ ಎಂದ ತಕ್ಷಣ ನನ್ನ ಜೀವ ಮರಳಿತು. ಜೀವದ ಹಿಂದೆಯೇ ಕುತೂಹಲವೂ ಮರಳಿತು. "ಆ ಲೆನ್ಸಿನ ರೆಸಲ್ಯೂಶನ್ ಎಷ್ಟು ಡಾಕ್ಟ್ರೇ? ಎಷ್ಟು ಬಣ್ಣ ತೋರಿಸುತ್ತೆ? ಎರಡು ಮೂರು ಮಾಡೆಲ್ ಹಾಕಿ ನೋಡಿ ಆರಿಸಬಹುದಾ?"

ಡಾಕ್ಟರಮ್ಮ ನನ್ನ ಹೆಂಡತಿಯತ್ತ ತಿರುಗಿದರು. "ಇವರು ಯಾವಾಗಲೂ ಹೀಗೇನಾ?"

"ಇದಕ್ಕೂ ಆಪರೇಷನ್ ಇದ್ಯಾ ಡಾಕ್ಟ್ರೇ?" ಎಂದಳು ಇವಳು ಆಸೆಯಿಂದ.

ಮೊದಲು ಬಲಗಣ್ಣು, ಕೆಲವು ವಾರ ಬಿಟ್ಟು ಎಡಗಣ್ಣು ಸರಿಯಾಯಿತು. ಸಾಸ್ ಸಾಹುಕಾರರಿಗೆ ಹೆಂಡತಿಯೇ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ್ದಳು. ಅವರು, "ಪಾಪ, ಕಾಯ್ತೀನಿ ಬಿಡಿ. ಕಣ್ಣಿನ ವಿಷಯ" ಎಂದರಂತೆ. ಅವರು ಮನುಷ್ಯರು. ನಾನು ಟೈಯಪ್ಪನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವನು, "ಹಾಗಾದ್ರೆ ಮಾನಿಟರ್ ವಾಪಸ್ ಬರೋದಿಲ್ಲ ತಾನೇ ಸಾರ್?" ಎಂದು ಮಾತ್ರ ಕೇಳಿದ.

ಎರಡನೆಯ ಕಣ್ಣಿನ ಪಟ್ಟಿಯನ್ನೂ ಬಿಚ್ಚಿಸಿಕೊಂಡು ಮನೆಗೆ ಬಂದ ದಿನವನ್ನು ಹೇಗೆ ಹೇಳಲಿ! ಆಕಾಶಕ್ಕೆ ಯಾರೋ ಹೊಸದಾಗಿ ನೀಲಿ ಬಳಿದಿದ್ದರು. ಎಲೆಗಳನ್ನು ಒಂದೊಂದಾಗಿ ತೊಳೆದು ಮರಕ್ಕೆ ನೇತುಹಾಕಿದ್ದರು. ಮನೆಯೊಳಗೆ ಕಾಲಿಟ್ಟು ಹಿಂದಿನ ಕೋಣೆಯ ಬಾಗಿಲು ತೆರೆದವನು ಕಿರುಚಿದೆ. "ಅಯ್ಯೋ! ಯಾರು ಈ ಗೋಡೆಗೆ ನೇರಳೆ ಬಳಿದದ್ದು?"

ಹೆಂಡತಿ ನನ್ನನ್ನು ನೋಡಿದಳು. ಕೆಲವು ಪ್ರಶ್ನೆಗಳಿಗೆ ಗಣಿತದವರು ಉತ್ತರ ಬರೆಯುವುದಿಲ್ಲ, ಬರೀ ನೋಡುತ್ತಾರೆ. ಮಾತು ಬದಲಾಯಿಸಲೆಂದು ನಾನೂ ಅವಳನ್ನು ನೋಡಿದೆ. ಹಾಗೇ ನೋಡುತ್ತ ನಿಂತುಬಿಟ್ಟೆ. ನೀಲಿ ಉಡುಪಿನಲ್ಲಿ ಎಷ್ಟು ಚೆನ್ನಾಗಿ ಕಂಡಳು!

"ಈ ನೀಲಿ ನಿನಗೆ ಬಹಳ ಒಪ್ಪುತ್ತೆ ಕಣೇ. ಹೊಸದಾ?"

"ಹೋದ ವರ್ಷದ್ದು. ನೀವೇ ಆರಿಸಿ ತಂದದ್ದು" ಎಂದಳು. ಆಮೇಲೆ ನಗು ತಡೆದುಕೊಂಡು, "ಹಸಿರು ಅಂತ" ಎಂದಳು.

ಇನ್ನು ಮಾನಿಟರ್! ಅದು ನಿಜಕ್ಕೂ ಗಂಧರ್ವಲೋಕದ ಕಿಟಕಿ. ಬಿಳಿ ಹಾಲಿನ ಹಾಗೇ ಇತ್ತು. ಟೊಮೆಟೊ ಮೇಲಿನ ನೀರಹನಿ ಉರುಳಿ ಮೇಜಿಗೆ ಬೀಳುತ್ತದೇನೋ ಎನ್ನಿಸುತ್ತಿತ್ತು. ಹೊಸ ಲೇಬಲ್ ಮಾಡಿ ಮುಗಿಸಿದೆ. ಸಾಸ್ ಸಾಹುಕಾರರು ಸ್ವತಃ ಮನೆಗೆ ಬಂದು ಪರದೆಯ ಮುಂದೆ ಕುಳಿತರು. ಕನ್ನಡಕ ಏರಿಸಿದರು, ಇಳಿಸಿದರು. ಅವರು ಜೇಬಿನಿಂದ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು.

"ಹಸಿವಾಗ್ತಿದೆ ಕಣ್ರೀ" ಎಂದರು. "ನಮ್ಮ ಎಲ್ಲ ಬಾಟಲಿಗಳ ಲೇಬಲ್ಲೂ ನೀವೇ ಮಾಡಿ."

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ನಾನು ಸುಮ್ಮನಿರುವ ಪ್ರಾಣಿಯೇ? ಹೊಗಳಿಕೆ ನೆತ್ತಿಗೇರಿತ್ತು. "ಸಾಹುಕಾರ್ರೇ, ಈಗ ನನ್ನ ಕಣ್ಣು ಅಂದ್ರೆ ಕಣ್ಣು! ಇಲ್ಲಿಂದಲೇ ನೋಡಿ, ಆ ಫ್ಯಾನಿನ ರೆಕ್ಕೆ ಅಂಚಲ್ಲಿ ದೂಳು ಕೂತಿದೆ. ಕಿಟಕಿ ಗಾಜಿನ ಮೇಲೆ ಬೆರಳಚ್ಚು. ಆ ಮೂಲೆಯಲ್ಲಿ ಜೇಡರ ಬಲೆ, ಅದರ ಎಳೆ ಎಳೆ ಎಣಿಸಿ ಹೇಳಬಲ್ಲೆ!" ಎಂದೆ.

ಚಹಾ ತಂದ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡಳು. ಸಾಹುಕಾರರನ್ನು ಬೀದಿಯ ತನಕ ಕಳಿಸಿ ಬಂದಳು. ಬರುವಾಗ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ.

"ತಗೊಳ್ಳಿ."

"ನಾನ್ಯಾಕೆ?"

"ನನ್ನದು ಹಳೇ ಕಣ್ಣು ರೀ. ನಿಮ್ಮ ಹಾಗೆ ಹೈ ರೆಸಲ್ಯೂಶನ್ ಅಲ್ಲ. ನನಗೆ ಈ ದೂಳು, ಬಲೆ ಒಂದೂ ಕಾಣೋದಿಲ್ಲ. ಕಾಣೋರು ಇರುವಾಗ ಕಾಣದೋರು ಗುಡಿಸಿದರೆ ಮನೆ ಸ್ವಚ್ಛ ಆಗುತ್ತಾ?"

ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಇಂದಿಗೂ ಆಗಿಲ್ಲ. ಫ್ಯಾನು ಒರೆಸಿದೆ, ಗಾಜು ಉಜ್ಜಿದೆ, ಏಣಿ ಹತ್ತಿ ಬಲೆ ತೆಗೆದೆ, ಕಪಾಟನ್ನು ಸರಿಸಿ ಅದರ ಹಿಂದೆಯೂ ಗುಡಿಸಿದೆ. ಬೆವರು ಒರೆಸಿಕೊಂಡು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, ಆಚೆ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಕುಳಿತಲ್ಲಿಂದಲೇ ಕೂಗಿದಳು.

"ರೀ, ಬಾಗಿಲ ಸಂದಿಯಲ್ಲಿ ಒಂದಿಷ್ಟು ಉಳಿದಿದೆ ನೋಡಿ."

ಬಗ್ಗಿ ನೋಡಿದೆ. ಹೌದು, ಚಿಟಿಕೆಯಷ್ಟು!

"ನಿನಗೆ ದೂಳು ಕಾಣೋದಿಲ್ಲ ಅಂದೆಯಲ್ಲೇ!"

"ದೂಳು ಕಾಣೋದಿಲ್ಲ ರೀ" ಎಂದಳು ಅವಳು, ಪುಟ ತಿರುಗಿಸುತ್ತ. "ನೀವು ಬಿಟ್ಟಿದ್ದು ಕಾಣುತ್ತೆ."